ಲಾಳಿ ನನ್ನ ಕಡೆ ಬಂದಾಗ

ಜಮಖಂಡಿಯ ದವಾಖಾನೆಯಲ್ಲಿ ಕಾಯುವವರು ಕೂರುವ ಬಾಕಿಗೆ ಒಂದು ಕಾಲು ಗಿಡ್ಡವಿತ್ತು. ಯಾರಾದರೂ ಕೆಮ್ಮಿದರೆ ಅದರ ಮೇಲೆ ಕೂತವರೆಲ್ಲ ಒಮ್ಮೆ ಅಲುಗುತ್ತಿದ್ದೆವು. ಅವತ್ತು ಎಲ್ಲರನ್ನೂ ಹೆಚ್ಚು ಅಲುಗಿಸಿದವಳು ನಾನೇ. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಮೊದಲು ಕನಿಕರದಿಂದ ನೋಡಿದಳು, ಆಮೇಲೆ ಸ್ವಲ್ಪ ಸರಿದಳು, ಕೊನೆಗೆ ಎದ್ದು ಹೋಗಿ ಗೋಡೆಗೆ ಒರಗಿ ನಿಂತಳು. ಅವ್ವ ಅದನ್ನು ಕಂಡೂ ಕಾಣದವಳಂತೆ ನನ್ನ ಸೆರಗು ಸರಿಮಾಡಿದಳು. ನನಗಾಗ ಹದಿನೇಳು.

ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಈಗಲೂ ನಮ್ಮ ಬನಹಟ್ಟಿಯ ಓಣಿಯಲ್ಲಿ ಕ್ಷಯದ ಹೆಸರನ್ನು ದನಿ ತಗ್ಗಿಸಿಯೇ ಹೇಳುತ್ತಾರೆ. ಮೊನ್ನೆ ಪಕ್ಕದ ಮನೆಯ ಸೊಸೆ ಗುಳಿಗೆಯ ಚೀಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ನನ್ನೆದುರು ಅತ್ತಳು. ಅವಳಿಗೆ ಅರ್ಧ ಹೇಳಿದೆ. ಉಳಿದರ್ಧ ಅಪ್ಪನದು. ಅದನ್ನು ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ನೇಕಾರರ ಮನೆ. ಪಡಸಾಲೆಯ ಕುಣಿಯಲ್ಲಿ ಅಪ್ಪನ ಮಗ್ಗ, ಅದರ ಬಗಲಿಗೆ ನನ್ನ ರಾಟಿ. ನಾನು ನೂಲನ್ನು ಕಂಡಿಕೆಯೆಂಬ ಸಣ್ಣ ಕೊಳವೆಗೆ ಸುತ್ತಬೇಕು, ಅಪ್ಪ ಆ ಕಂಡಿಕೆಯನ್ನು ಅಡ್ಡ ಎಳೆಯನ್ನು ಅತ್ತಿಂದಿತ್ತ ಒಯ್ಯುವ ಲಾಳಿಯೊಳಗೆ ಕೂಡಿಸಿ ನೇಯಬೇಕು. ಲಾಳಿಯ ಪಕ್ಕೆಯಲ್ಲಿ ಒಂದು ಸಣ್ಣ ಕಣ್ಣಿರುತ್ತದೆ. ಹೊಸ ಕಂಡಿಕೆ ಹಾಕಿದಾಗಲೆಲ್ಲ ಎಳೆಯ ತುದಿಯನ್ನು ಆ ಕಣ್ಣಿನಿಂದ ಹೊರಗೆ ತರಬೇಕು. ಬೆರಳಿಗೆ ಅದು ನಿಲುಕುವುದಿಲ್ಲ. ತುಟಿ ಹಚ್ಚಿ ಒಮ್ಮೆ ಉಸಿರು ಎಳೆದರೆ ಎಳೆ ನಾಲಿಗೆಯ ತುದಿಗೆ ಬರುತ್ತದೆ. ದಿನಕ್ಕೆ ಎಷ್ಟು ಕಂಡಿಕೆ ತೀರುತ್ತವೆಯೋ ಅಷ್ಟು ಸಲ ನೇಕಾರನ ಬಾಯಿ ಲಾಳಿಗೆ ಹೋಗುತ್ತದೆ. ನಮ್ಮ ಓಣಿಯಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು, ಯಾರಿಗೂ ಅದು ಒಂದು ಸಂಗತಿ ಎನಿಸಿರಲಿಲ್ಲ.

ಅಪ್ಪ ಕುಡಿಯುತ್ತಿದ್ದ. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದ ಮೇಲೆ ದಾರೂಬಂದಿಯಾಗಿ ಅಂಗಡಿಗಳು ಮುಚ್ಚಿದ್ದವು. ಕುಡಿಯುವವರೇನೂ ಮುಚ್ಚಿಕೊಳ್ಳಲಿಲ್ಲ. ಕಬ್ಬಿನ ಹೊಲಗಳ ನಡುವೆ ಬೆಲ್ಲ ಕೊಳೆಹಾಕಿ ಕಾಯಿಸುವವರಿದ್ದರು, ಅದನ್ನು ಸೈಕಲ್ಲಿನ ಟ್ಯೂಬಿನಲ್ಲಿ ತುಂಬಿ ಊರೊಳಗೆ ತರುವವರಿದ್ದರು. ಅದಕ್ಕೇ ಅಪ್ಪನ ಬಾಯಿಯಲ್ಲಿ ಸೆರೆಯ ಜೊತೆಗೆ ರಬ್ಬರಿನ ವಾಸನೆಯೂ ಇರುತ್ತಿತ್ತು. ಅವನು ಹೊಡೆಯುವವನಲ್ಲ, ಬಯ್ಯುವವನಲ್ಲ. ಮಧ್ಯಾಹ್ನ ಊಟವಾದ ಮೇಲೆ ಬೀಡಿ ತರುತ್ತೇನೆಂದು ಹೋಗುತ್ತಿದ್ದ, ಬಂದು ಮಾತಿಲ್ಲದೆ ಮಗ್ಗದ ಕುಣಿಗೆ ಇಳಿಯುತ್ತಿದ್ದ. ಅವ್ವ ಕೇಳಿದರೆ ದೇವರಾಣೆಗೂ ಇಲ್ಲ ಎನ್ನುತ್ತಿದ್ದ.

ನನಗೆ ಮಾತ್ರ ಅವನು ಸುಳ್ಳು ಹೇಳಲಿಲ್ಲ. ನಾನು ಐದಾರು ವರ್ಷದವಳಿದ್ದಾಗ ಒಂದು ದಿನ ಅವನು ಲಾಳಿಯನ್ನು ಬಾಯಿಗೆ ಒಯ್ದವನು ಅಲ್ಲಿಗೇ ತಡೆದ. ಮಗ್ಗದ ಮೇಲಿದ್ದದ್ದು ಮದುವೆಯ ಸೀರೆ. ಲಾಳಿಯನ್ನು ನನ್ನ ಕಡೆ ಚಾಚಿ ಮೆಲ್ಲಗೆ ಹೇಳಿದ.

"ಹಿಡಿಯವ್ವಾ. ಸೆರಿ ಬಾಯಿ ಹಚ್ಚಿದ ಎಳಿ ಮದಲಗಿತ್ತಿ ಮೈಮ್ಯಾಲ ಹೋಗಬಾರದು."

ಅವತ್ತಿನಿಂದ ಅದು ನಮ್ಮಿಬ್ಬರ ವಾಡಿಕೆಯಾಯಿತು. ಬೆಳಿಗ್ಗೆ ಎಳೆಯನ್ನು ತಾನೇ ಎಳೆದುಕೊಳ್ಳುತ್ತಿದ್ದ. ಮಧ್ಯಾಹ್ನದ ಮೇಲೆ ಲಾಳಿ ನನ್ನ ಕಡೆ ಬಂತೆಂದರೆ ಕುಡಿದಿದ್ದಾನೆ ಎಂದು ಅರ್ಥ. ನಾನು ಎಳೆ ಎಳೆದು ಕೊಡುತ್ತಿದ್ದೆ, ಅವನು ನನ್ನ ಮುಖ ನೋಡದೆ ತೆಗೆದುಕೊಳ್ಳುತ್ತಿದ್ದ. ಅವ್ವನಿಗೆ ನಾನು ಒಂದು ದಿನವೂ ಹೇಳಲಿಲ್ಲ. ಮನೆಯಲ್ಲಿ ಅವನು ನಿಜ ಹೇಳುವುದು ನನಗೊಬ್ಬಳಿಗೇ ಎಂಬ ಹೆಮ್ಮೆ ನನಗಿತ್ತು. ಬೇರೆ ಮಕ್ಕಳಿಗೆ ಅಪ್ಪಂದಿರು ಬೆಂಡು ಬತ್ತಾಸು ತಂದುಕೊಟ್ಟರೆ ನನ್ನಪ್ಪ ನನಗೆ ಲಾಳಿ ಚಾಚುತ್ತಿದ್ದ. ನನಗೆ ಅದೇ ಸಾಕೆನಿಸುತ್ತಿತ್ತು.

ಹದಿನೇಳನೆಯ ವರ್ಷದಲ್ಲಿ ಕೆಮ್ಮು ಹತ್ತಿತು. ಸಂಜೆಯಾದರೆ ಸಣ್ಣಗೆ ಜ್ವರ. ಅವ್ವ ಕಷಾಯ ಕೊಟ್ಟಳು, ದೃಷ್ಟಿ ತೆಗೆದಳು. ಒಂದು ಮಧ್ಯಾಹ್ನ ಅಪ್ಪ ಚಾಚಿದ ಲಾಳಿಗೆ ತುಟಿ ಹಚ್ಚಿ ಉಸಿರೆಳೆಯುವಾಗ ಕೆಮ್ಮು ನುಗ್ಗಿ ಬಂತು. ಲಾಳಿಯೊಳಗಿನ ಬಿಳಿ ನೂಲಿನ ಮೇಲೆ ಕೆಂಪು ಬಿತ್ತು. ಅಪ್ಪ ಆ ಕಂಡಿಕೆಯನ್ನು ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡು ಮಗ್ಗದಿಂದ ಮೇಲೆ ಬಂದ. ಅವ್ವನಿಗೆ ಇಷ್ಟೇ ಹೇಳಿದ, ನಾಳೆ ಇವಳನ್ನು ಜಮಖಂಡಿಗೆ ಕರೆದುಕೊಂಡು ಹೋಗು ಎಂದು. ತಾನು ಬರಲಿಲ್ಲ.

ಡಾಕ್ಟರರು ವಯಸ್ಸಾದವರು. ಬೆನ್ನಿಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು. ಆಮೇಲೆ ನನ್ನನ್ನು ಬಿಟ್ಟು ಅವ್ವನನ್ನು ಕೇಳಿದರು.

"ಮನ್ಯಾಗ ಮತ್ತ ಯಾರು ಕೆಮ್ಮತಾರವ್ವಾ?"

"ಯಾರೂ ಇಲ್ರೀ. ಇವರಪ್ಪ ಕೆಮ್ಮತಾರ, ಅದು ಬೀಡಿ ಕೆಮ್ಮರೀ, ಭಾಳ ವರ್ಷದ್ದು."

ಅವರು ಚೀಟಿ ಬರೆದರು. ಮಿರಜಿಯ ಕಡೆ ಎದೆಯ ಬೇನೆಯವರಿಗೆಂದೇ ಒಂದು ಆರೋಗ್ಯಧಾಮವಿದೆ, ತಡಮಾಡಬೇಡಿ ಎಂದರು. ಬೇನೆಯ ಹೆಸರನ್ನು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಹೊರಗೆ ಬಂದಾಗ ಬಾಕಿನ ಮೇಲೆ ನಾನು ಕೂತ ಜಾಗ ಇನ್ನೂ ಖಾಲಿಯೇ ಇತ್ತು. ಸುದ್ದಿ ನಮಗಿಂತ ಮೊದಲು ಊರು ಮುಟ್ಟಿತು. ನನ್ನನ್ನು ಸೊಸೆಯಾಗಿ ತಂದುಕೊಳ್ಳುವ ಮಾತಾಡಿದ್ದವರು ವಾರದೊಳಗೆ ಮುಧೋಳದ ಕಡೆ ಹೆಣ್ಣು ಗೊತ್ತುಮಾಡಿಕೊಂಡರು. ಅವ್ವ ನಾನು ಉಣ್ಣುವ ಗಂಗಾಳವನ್ನು ಬೇರೆ ಗೂಡಿನಲ್ಲಿ ಇಟ್ಟಳು. ಇಟ್ಟು ಬಂದು ನನ್ನ ಪಕ್ಕದಲ್ಲೇ ಕೂತು ಉಂಡಳು. ಅವಳ ಮೇಲೆ ಸಿಟ್ಟಾಗಬೇಕೋ ಬೇಡವೋ ನನಗೆ ತಿಳಿಯಲಿಲ್ಲ.

ಕುಡಚಿಯಲ್ಲಿ ರೈಲು ಹಿಡಿದು, ಹೊಳೆ ದಾಟಿ ಅವ್ವ ನನ್ನನ್ನು ಒಯ್ದು ಬಿಟ್ಟಳು. ಅಲ್ಲಿಯ ದಿನಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಏಕೆಂದರೆ ಮಲಗುವುದೇ ಅಲ್ಲಿಯ ಕೆಲಸ. ಬೆಳಿಗ್ಗೆ ಸೂಜಿ. ಊಟಕ್ಕೆ ಮುಂಚೆ ಒಂದು ಹಿಡಿ ಗುಳಿಗೆ, ನುಂಗಿದ ಮೇಲೆ ಊಟ ಸೇರುತ್ತಿರಲಿಲ್ಲ. ಬೇನೆಯ ಪುಪ್ಪುಸಕ್ಕೆ ವಿಶ್ರಾಂತಿ ಸಿಗಲೆಂದು ವಾರಕ್ಕೊಮ್ಮೆ ಪಕ್ಕೆಯಲ್ಲಿ ದಪ್ಪ ಸೂಜಿ ಚುಚ್ಚಿ ಗಾಳಿ ತುಂಬುತ್ತಿದ್ದರು. ಆ ದಿನ ಬಂತೆಂದರೆ ನಾನು ಹಿಂದಿನ ಸಂಜೆಯಿಂದಲೇ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಮಲಗಿ ಮಲಗಿ ಕೂದಲು ಜಡೆಗಟ್ಟಿತೆಂದು ಹೆರಳು ಕತ್ತರಿಸಿದರು. ಹೆರಳಿನ ಪಿನ್ನುಗಳನ್ನು ನಾನು ಟ್ರಂಕಿನಲ್ಲಿ ಎತ್ತಿಟ್ಟುಕೊಂಡೆ, ನಾಳೆಯೇ ಕೂದಲು ಬೆಳೆಯುತ್ತದೆ ಎನ್ನುವವಳಂತೆ.

ಪಕ್ಕದ ಹಾಸಿಗೆಯಲ್ಲಿ ಅನಗವಾಡಿಯ ಸೋಮವ್ವಕ್ಕ ಇದ್ದಳು. ಎರಡು ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ಬಂದವಳು. ನನಗೆ ಗಾಳಿ ತುಂಬುವ ದಿನ ಅವಳು ತನ್ನ ಊರಿನ ಒಬ್ಬೊಬ್ಬರ ನಡಿಗೆಯನ್ನು ಕೂತಲ್ಲೇ ಕೈಯಲ್ಲಿ ಅಣಕಿಸಿ ತೋರಿಸುತ್ತಿದ್ದಳು. ನಗಬಾರದು, ನಕ್ಕರೆ ಪಕ್ಕೆ ಹಿಡಿಯುತ್ತಿತ್ತು. ಆದರೂ ನಗಿಸುತ್ತಿದ್ದಳು. ಆ ಹತ್ತು ಹನ್ನೊಂದು ತಿಂಗಳಲ್ಲಿ ದೇವರು ನನಗೆ ತೋರಿದ ದಯೆಯೆಂದರೆ ಅವಳು.

ನಾಲ್ಕನೆಯ ತಿಂಗಳಿಗೆ ಜ್ವರ ಬಿಟ್ಟಿತು. ಅಲ್ಲಿಯ ದೊಡ್ಡ ಡಾಕ್ಟರರು ಮನೆಯಲ್ಲಿ ಏನು ಕೆಲಸ ಮಾಡುತ್ತೀ ಎಂದು ವಿವರವಾಗಿ ಕೇಳಿದರು. ಲಾಳಿಯ ಮಾತು ಬಂದಾಗ ಬರೆಯುವುದನ್ನು ನಿಲ್ಲಿಸಿ, ಹೇಗೆ ಎಳೆಯುತ್ತೀ ತೋರಿಸು ಎಂದರು. ಖಾಲಿ ಕೈಯಲ್ಲಿ ಹಿಡಿದು ತೋರಿಸಿದೆ. ಅದೇ ಲಾಳಿಗೆ ಬೆಳಿಗ್ಗೆ ಯಾರು ಬಾಯಿ ಹಚ್ಚುತ್ತಾರೆ ಎಂದು ಕೇಳಿದರು. ಅಪ್ಪ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ನಿನ್ನ ತಂದೆಯ ಎದೆಯ ಫೋಟೋ ತೆಗೆದು ನೋಡುವವರೆಗೆ ನಿನ್ನನ್ನು ಆ ಮನೆಗೆ ಕಳಿಸುವುದಿಲ್ಲ ಎಂದರು. ಅವನಿಗೂ ಬೇನೆಯಿದ್ದರೆ ನೀನು ಹೋದ ವರ್ಷದೊಳಗೆ ಮತ್ತೆ ಇಲ್ಲಿಗೇ ಬರುತ್ತೀ, ಆಗ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ ಎಂದೂ ಹೇಳಿದರು.

ಅಪ್ಪ ಬಂದು ಎದೆ ತೋರಿಸಲಿ ಎಂದು ಸೋಮವ್ವಕ್ಕನಿಂದ ಬರೆಸಿ ಕಾರ್ಡು ಹಾಕಿದೆ. ಹದಿನೈದು ದಿನಕ್ಕೆ ಅವ್ವ ಬಂದಳು, ರೊಟ್ಟಿ ಮತ್ತು ಶೇಂಗಾ ಚಟ್ನಿಯ ಗಂಟಿನೊಂದಿಗೆ. ಅಪ್ಪನೂ ಬಂದಿದ್ದಾನೆ, ದಾರಿಯಲ್ಲಿ ಮೈ ಬಿಸಿಯಾಗಿ ಹೊರಗೆ ಕೂತಿದ್ದಾನೆ ಎಂದಳು. ನಾನು ಗೋಡೆ ಹಿಡಿದು ವರಾಂಡದ ತುದಿಗೆ ಹೋದೆ. ಗೇಟಿನ ಆಚೆ ಬೇವಿನ ಮರದ ಕೆಳಗೆ ಅವನು ಕೂತಿದ್ದ. ಕಾವಲುಗಾರ ಒಳಗೆ ಬಿಟ್ಟಿರಲಿಲ್ಲ. ನನ್ನನ್ನು ಕಂಡು ಎದ್ದ. ಹೆರಳಿಲ್ಲದ ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತೇನೋ. ಆಮೇಲೆ ಬಲಗೈಯನ್ನು ಮುಂದೆ ಚಾಚಿದ, ಬೆರಳುಗಳನ್ನು ಮಡಿಚಿ, ಲಾಳಿ ಹಿಡಿದವನ ಹಾಗೆ. ಕೈಯಲ್ಲಿ ಏನೂ ಇರಲಿಲ್ಲ.

ಅಷ್ಟು ದೂರದಿಂದಲೂ ಅವನು ನನಗೆ ನಿಜವನ್ನೇ ಹೇಳುತ್ತಿದ್ದ, ಕುಡಿದಿದ್ದೇನೆ ಎಂದು. ಮೊದಲ ಸಲ ನನಗೆ ಅದರಿಂದ ಸಿಟ್ಟು ಬಂತು. ನಿನ್ನ ನಿಜ ಕಟ್ಟಿಕೊಂಡು ನಾನೇನು ಮಾಡಲಿ, ಇಲ್ಲೇ ಸಾಯಲೇ ಎನಿಸಿತು. ನಾನು ಕೈ ಎತ್ತಲಿಲ್ಲ. ತಿರುಗಿ ಒಳಗೆ ಬಂದು ಮಲಗಿದೆ. ಅವ್ವ ರೊಟ್ಟಿಯ ಗಂಟು ಬಿಚ್ಚಿಟ್ಟು, ಮತ್ತೆ ಕಟ್ಟಿ, ಹೋದಳು.

ಮೂರು ವಾರದ ಮೇಲೆ ಅವನು ಒಬ್ಬನೇ ಬಂದ. ಹಿಂದಿನ ದಿನದಿಂದ ಅನ್ನ ನೀರು ಎರಡೂ ಮುಟ್ಟಿರಲಿಲ್ಲವಂತೆ, ನೀರಿಗೆಂದು ಚಾಚಿದ ಕೈ ಸೆರೆಗೆ ಹೋದೀತು ಎಂಬ ಹೆದರಿಕೆಯಿಂದ. ಒಗೆದ ಧೋತರ, ಎಣ್ಣೆ ಹಚ್ಚಿದ ತಲೆ. ಕೈ ಮಾತ್ರ ನಡುಗುತ್ತಿತ್ತು. ಫೋಟೋ ತೆಗೆದರು, ಕಫ ನೋಡಿದರು. ಎರಡನೆಯ ದಿನ ಡಾಕ್ಟರರು ನಮ್ಮಿಬ್ಬರನ್ನೂ ಕೂಡಿಸಿ ಹೇಳಿದರು. ಇಬ್ಬರದೂ ಒಂದೇ ಬೇನೆ, ಅಪ್ಪನದು ನನ್ನದಕ್ಕಿಂತ ಬಹಳ ಹಳೆಯದು. ಅವನೂ ಇಲ್ಲೇ ಇರಬೇಕು. ಮುಂದೆ ಯಾವತ್ತೂ ಕುಡಿಯಬಾರದು, ಕುಡಿದರೆ ಈ ಔಷಧವೆಲ್ಲ ಮಣ್ಣಾಗುತ್ತದೆ. ಲಾಳಿಗೆ ಇನ್ನು ಯಾರೂ ಬಾಯಿ ಹಚ್ಚಬಾರದು.

ಹೊರಗೆ ಬಾಕಿನ ಮೇಲೆ ಇಬ್ಬರೂ ಕೂತೆವು. ಅಪ್ಪ ತನ್ನ ಅಂಗಿಯ ಕಿಸೆಯಲ್ಲಿ ಕೈ ಹಾಕಿ ಏನನ್ನೋ ಹಿಡಿದುಕೊಂಡಿದ್ದ. ಅದು ಆ ಕೆಂಪು ಬಿದ್ದ ಕಂಡಿಕೆ ಎಂದು ನನಗೆ ಆಮೇಲೆ ಗೊತ್ತಾಯಿತು.

"ಬಾಯಿ ಕೆಟ್ಟೈತಿ ಅಂತ ನಿನ್ನ ಕಡೆ ಕೊಡತಿದ್ನಿ," ಎಂದ. "ಎಳಿ ಉಳೀತು. ನೀ ಉಳೀಲಿಲ್ಲ."

"ಉಳದೇನಲ್ಲಪಾ, ಇಲ್ಲೇ ಕುಂತೇನಿ," ಎಂದೆ.

ಅವನಿಗೆ ಗಂಡಸರ ವಾರ್ಡಿನಲ್ಲಿ ಹಾಸಿಗೆ ಸಿಕ್ಕಿತು. ಊರಲ್ಲಿ ಅವ್ವ ಮಂದಿಯ ಮನೆಯ ಕಂಡಿಕೆ ಸುತ್ತಿ ದಿನ ದೂಡಿದಳು. ರವಿವಾರ ಮಧ್ಯಾಹ್ನ ನಡುವಿನ ಅಂಗಳದಲ್ಲಿ ನಾವು ಭೇಟಿಯಾಗಬಹುದಿತ್ತು. ಆ ಆರು ತಿಂಗಳು ಅಪ್ಪ ಒಂದು ಹನಿ ಕುಡಿಯಲಿಲ್ಲ. ಮೊದಲ ಕೆಲವು ವಾರ ಅವನ ಹಲ್ಲು ಕಟಕಟಿಸುತ್ತಿತ್ತು, ಗೋಡೆಯ ಮೇಲೆ ಹುಳ ಹರಿಯುತ್ತಿವೆ ಎನ್ನುತ್ತಿದ್ದನಂತೆ. ಆಮೇಲೆ ಕೈಯ ನಡುಕ ನಿಂತಿತು, ಮುಖಕ್ಕೆ ಬಣ್ಣ ಬಂತು. ನಾನು ಹುಟ್ಟಿದಾಗಿನಿಂದ ಬೇಡಿಕೊಂಡಿದ್ದ ಅಪ್ಪ ಕಡೆಗೂ ಸಿಕ್ಕಿದ್ದ, ಆದರೆ ಅವನ ಜೊತೆ ಏನು ಮಾತಾಡಬೇಕೆಂದು ನನಗೆ ತಿಳಿಯುತ್ತಿರಲಿಲ್ಲ. ಅವನು ಬೀಗರ ಮನೆಗೆ ಬಂದವನ ಹಾಗೆ ಕೂರುತ್ತಿದ್ದ. ಊಟ ಆಯಿತೇ ಎಂದು ಕೇಳುತ್ತಿದ್ದ, ಆಯಿತು ಎನ್ನುತ್ತಿದ್ದೆ. ಮುಚ್ಚುಮರೆಯಿಲ್ಲದ ಅಪ್ಪನಿಗೂ ನನಗೂ ನಡುವೆ ಹಂಚಿಕೊಳ್ಳಲು ಏನೂ ಉಳಿದಿರಲಿಲ್ಲ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಖರೆ: ಆ ರವಿವಾರಗಳಲ್ಲಿ ನಾನು ಅವನ ಚಾಚಿದ ಕೈಗಾಗಿ ಹಂಬಲಿಸಿದೆ.

ಒಂದು ರವಿವಾರ ಅವನು ನನ್ನ ಹೆರಳಿನ ಪಿನ್ನು ಒಂದನ್ನು ಕೇಳಿ ಇಸಿದುಕೊಂಡ. ಮುಂದಿನ ವಾರ ತಿರುಗಿ ತಂದು ತೋರಿಸಿದ. ಪಿನ್ನನ್ನು ನೆಟ್ಟಗೆ ಮಾಡಿ, ಕಲ್ಲಿಗೆ ತಿಕ್ಕಿ ಸಣ್ಣಗೆ ಮಾಡಿ, ತುದಿಯನ್ನು ಎಳ್ಳುಕಾಳಿನಷ್ಟು ಬಗ್ಗಿಸಿದ್ದ. ಲಾಳಿಯ ಕಣ್ಣಿನೊಳಗೆ ಹಾಕಿ ಎಳೆಯನ್ನು ಹೊರಗೆ ತರುವ ಕೊಕ್ಕೆ. ಹಿಡಿಯುವ ಕಡೆ ನೂಲು ಸುತ್ತಿದ್ದ. ಅದು ಅವತ್ತಿನ ಕಂಡಿಕೆಯ ನೂಲು. ನನ್ನ ರಕ್ತದ ಕಲೆ ಅಷ್ಟೊತ್ತಿಗೆ ಕಂದಾಗಿತ್ತು.

"ಇನ್ನ ಯಾರ ಬಾಯೀನೂ ಬ್ಯಾಡ," ಎಂದ.

ಇಬ್ಬರೂ ಒಂದೇ ದಿನ ಮನೆಗೆ ಬಂದೆವು. ಸೋಮವ್ವಕ್ಕ ನನಗಿಂತ ಮೊದಲೇ ಗುಣವಾಗಿ ತನ್ನ ಮಕ್ಕಳ ಹತ್ತಿರ ಹೋಗಿದ್ದಳು. ಓಣಿಯವರು ಕೆಲವು ದಿನ ನಮ್ಮ ಕಟ್ಟೆಯ ಮೇಲೆ ಕೂರಲಿಲ್ಲ, ಆಮೇಲೆ ಕೂತರು. ಅವ್ವ ನನ್ನ ಗಂಗಾಳವನ್ನು ಬೇರೆ ಗೂಡಿನಿಂದ ತೆಗೆದು ಎಲ್ಲವುಗಳ ಜೊತೆ ಇಟ್ಟಳು. ಅಪ್ಪ ಮಗ್ಗಕ್ಕೆ ಕೂತ. ಕೊಕ್ಕೆಯನ್ನು ಮಗ್ಗದ ಕಂಬಕ್ಕೆ ದಾರದಲ್ಲಿ ಇಳಿಬಿಟ್ಟಿದ್ದ. ಕಂಡಿಕೆ ತೀರಿದಾಗಲೆಲ್ಲ ತಾನೇ ಎಳೆ ತೆಗೆದುಕೊಳ್ಳುತ್ತಿದ್ದ. ಲಾಳಿ ನನ್ನ ಕಡೆ ಬರುವುದು ನಿಂತಿತು.

ಐದು ತಿಂಗಳು ಹಾಗೇ ನಡೆಯಿತು. ಆರನೆಯ ತಿಂಗಳಿನ ಒಂದು ಮಧ್ಯಾಹ್ನ ಅವನು ಬೀಡಿ ತರಲು ಹೋಗಿ ಬಂದ, ಕುಣಿಗೆ ಇಳಿದ. ಸ್ವಲ್ಪ ಹೊತ್ತು ನೇಯ್ದ. ಕಂಡಿಕೆ ತೀರಿತು. ಕೊಕ್ಕೆಯನ್ನು ಲಾಳಿಯ ಕಣ್ಣಿಗೆ ಹಾಕಲು ನೋಡಿದ, ಕೈ ನಿಲ್ಲಲಿಲ್ಲ. ಎರಡು ಸಲ, ಮೂರು ಸಲ. ಆಮೇಲೆ ಕೊಕ್ಕೆ, ಲಾಳಿ ಎರಡನ್ನೂ ಸೇರಿಸಿ ನನ್ನ ಕಡೆ ಚಾಚಿದ.

ನನ್ನ ಎದೆ ಮೊದಲು ಹಿಗ್ಗಿತು, ಆಮೇಲೆ ಹೆದರಿತು. ಆ ಹಿಗ್ಗನ್ನು ನಾನು ಇಂದಿಗೂ ನನಗೆ ಕ್ಷಮಿಸಿಕೊಂಡಿಲ್ಲ. ಡಾಕ್ಟರರ ಮಾತು ಕಿವಿಯಲ್ಲೇ ಇತ್ತು. ಇಷ್ಟು ವರ್ಷ ನಾನು ಪ್ರೀತಿಯೆಂದು ಎಳೆಯುತ್ತಿದ್ದ ಎಳೆ ಅವನ ಕುಡಿತವನ್ನು ಮುಚ್ಚುತ್ತಿತ್ತು ಎಂಬುದು ಆ ಗಳಿಗೆಯಲ್ಲಿ ತಿಳಿಯಿತು. ನಾನು ಲಾಳಿ ಇಸಿದುಕೊಂಡೆ, ಎಳೆ ತೆಗೆಯಲಿಲ್ಲ. ಮಡಿಲಲ್ಲಿ ಇಟ್ಟುಕೊಂಡೆ.

"ಅವ್ವಗ ಹೇಳತೇನಿ, ಅಪ್ಪಾ."

ಲಾಳಿ ಚಾಚಿದ ಮೇಲೆ ಅವನು ಮೊದಲ ಸಲ ನನ್ನ ಮುಖ ನೋಡಿದ. "ಹೇಳವ್ವಾ," ಎಂದ. "ನನಗ ಹೇಳಾಕ ಆಗೂದಿಲ್ಲ."

ಅವ್ವ ಹಿತ್ತಲಲ್ಲಿ ನೂಲು ಒಣಹಾಕುತ್ತಿದ್ದಳು. ನಾನು ಲಾಳಿ ಹಿಡಿದುಕೊಂಡೇ ಹೋಗಿ ನಿಂತೆ. ಹೇಳಬೇಕಾದ್ದನ್ನು ಹೇಗೆ ಶುರುಮಾಡಲಿ ಎಂದು ಹುಡುಕುವಷ್ಟರಲ್ಲಿ ಅವಳ ಕಣ್ಣು ನನ್ನ ಕೈಯ ಮೇಲೆ ಬಿತ್ತು. ನೂಲಿನ ಲಡಿಯನ್ನು ಹಗ್ಗದ ಮೇಲೆ ಸಾವಕಾಶ ಹರಡಿ, ಕೈ ಒರೆಸಿಕೊಂಡಳು.

"ಕುಡದಾರಲ್ಲ?"

"ನಿನಗ ಹ್ಯಾಂಗ ಗೊತ್ತು?"

"ನೀ ಐದಾರು ವರ್ಷದಾಕಿ ಇದ್ದಾಗಿಂದ ಲಾಳಿ ಯಾರ ಕೈಯಾಗ ಐತಿ ಅಂತ ನಾನೂ ನೋಡಕೋತನ ಬಂದೇನಿ. ನಿಮ್ಮಿಬ್ಬರ ನಡಕ ಅದೊಂದರ ಇರಲಿ ಅಂತ ಸುಮ್ಮನಿದ್ನಿ. ಅದಕ್ಕ ನಿನ್ನ ಕಳಕೊಳ್ಳೂದಿತ್ತು."

ಅವಳು ಅಳಲಿಲ್ಲ. ಲಾಳಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಪಡಸಾಲೆಗೆ ಬಂದಳು. ಅಪ್ಪ ತಲೆ ತಗ್ಗಿಸಿ ಕುಣಿಯಲ್ಲೇ ಕೂತಿದ್ದ.

"ಇನ್ನ ಮ್ಯಾಲ ಲಾಳಿ ನನ್ನ ಕಡೆ ಕೊಡರಿ," ಎಂದಳು. "ಅಕೀ ಕಡೆ ಬ್ಯಾಡ."

ಅದನ್ನು ಗೂಡಿನಲ್ಲಿ ಇಟ್ಟಳು. ಅವತ್ತು ಮಗ್ಗ ನಡೆಯಲಿಲ್ಲ. ಅಪ್ಪ ಆಮೇಲೂ ಕುಡಿದ, ವರ್ಷದಲ್ಲಿ ನಾಲ್ಕೈದು ಸಲ. ಪ್ರತಿ ಸಲವೂ ಕುಣಿಗೆ ಇಳಿಯುವ ಮುಂಚೆ ಲಾಳಿಯನ್ನು ತಾನಾಗಿ ಅವ್ವನಿಗೆ ಕೊಟ್ಟ. ಅವಳು ಅದನ್ನು ಮರುದಿನ ಬೆಳಿಗ್ಗೆಯವರೆಗೆ ಗೂಡಿನಲ್ಲಿಟ್ಟು, ಅವನನ್ನು ಕರೆದುಕೊಂಡು ಜಮಖಂಡಿಗೆ ಹೋಗಿ ಎದೆ ತೋರಿಸಿಕೊಂಡು ಬರುತ್ತಿದ್ದಳು. ಹಗಲಲ್ಲಿ ನಮ್ಮ ಮಗ್ಗದ ಸದ್ದು ನಿಂತರೆ ಏನಾಗಿದೆಯೆಂದು ಓಣಿಗೆಲ್ಲ ತಿಳಿಯುತ್ತಿತ್ತು. ಅದರಿಂದ ಆಗುವ ಅವಮಾನ ಆಗಲಿ ಎಂದಳು ಅವ್ವ. ಬೇನೆ ನಮ್ಮಿಬ್ಬರಿಗೂ ತಿರುಗಿ ಬರಲಿಲ್ಲ. ಅಪ್ಪ ಮುಪ್ಪಿನವರೆಗೆ ಬದುಕಿದ.

ನಾನು ಬದುಕಿದ್ದು ಸೂಜಿಯಿಂದಲೋ, ಗಾಳಿಯಿಂದಲೋ, ಸೋಮವ್ವಕ್ಕನ ನಗೆಯಿಂದಲೋ, ಅವ್ವ ಆ ಲಾಳಿಯನ್ನು ನನ್ನ ಕೈಯಿಂದ ತೆಗೆದುಕೊಂಡಿದ್ದರಿಂದಲೋ, ಲೆಕ್ಕ ಹಾಕುತ್ತ ಕೂರುವ ಕಸುವು ಈಗ ನನಗಿಲ್ಲ. ಪಕ್ಕದ ಮನೆಯ ಸೊಸೆಗೆ ಹೇಳುವುದಿಷ್ಟೇ. ಗುಳಿಗೆ ಬಿಡಬೇಡ. ಮನೆಯಲ್ಲಿ ಇನ್ನಾರು ಕೆಮ್ಮುತ್ತಾರೆ ಎಂದು ಡಾಕ್ಟರರು ಕೇಳಿದರೆ ಖರೆ ಹೇಳು, ಯಾರನ್ನು ಎಷ್ಟು ಪ್ರೀತಿಸಿದರೂ ಹೇಳು.

ಈಗ ನಮ್ಮ ಓಣಿಯಲ್ಲಿ ಎಲ್ಲವೂ ಪವರ್‌ಲೂಮು. ಬೆಳಗಿನಿಂದ ಖಟಖಟ ಎನ್ನುತ್ತಲೇ ಇರುತ್ತವೆ, ಕೇಳಿ ಕೇಳಿ ಕಿವಿಗೆ ಅದು ಸದ್ದೇ ಅಲ್ಲ. ಮಧ್ಯಾಹ್ನ ಒಮ್ಮೊಮ್ಮೆ ಕರೆಂಟು ಹೋಗಿ ಎಲ್ಲ ಮಗ್ಗಗಳೂ ಒಟ್ಟಿಗೆ ನಿಲ್ಲುತ್ತವೆ. ಆಗ ಕೂತಲ್ಲೇ ನನ್ನ ಬಲಗೈ ತಾನಾಗಿ ಮುಂದೆ ಹೋಗುತ್ತದೆ, ಲಾಳಿ ಇಸಿದುಕೊಳ್ಳಲು.